ದಿಣ್ಣೆ ಹತ್ತಿದ ಗೇರು

ಪಿಕಪ್ಪಿನ ಕೆಳಗಿಂದ ಮತ್ತೆ ಕಿಸಕ್ಕನೆ ನಗು ಕೇಳಿತು.

“ಏನದು ಅಲ್ಲಿ?” ಟೀಚರು ಉತ್ತರಪತ್ರಿಕೆಗಳಿಂದ ತಲೆ ಎತ್ತಿದರು.

“ಏನಿಲ್ಲ, ಸ್ಪ್ಯಾನರ್ ಬಿತ್ತು,” ಎಂದಳು ಚಿನ್ನಿ.

“ಸ್ಪ್ಯಾನರ್ ಬಿದ್ರೆ ನಗು ಬರುತ್ತಾ?”

“ಮೇಸ್ತ್ರಿ ಹೊಟ್ಟೆ ಮೇಲೆ ಬಿದ್ರೆ ಬರುತ್ತೆ.”

ಇಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೇ ಟೀಚರು ಬೆಳಗಿನಿಂದ ಗ್ಯಾರೇಜಿನ ಬಾಗಿಲಲ್ಲಿ, ಗಾಡಿಯ ಹಿಂಬದಿಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. ಹಿಂದಿನ ಬಂಪರಿನಾಚೆ ಮೇಸ್ತ್ರಿಯ ಪಾದಗಳು. ಮುಂದಿನ ಚಕ್ರಗಳ ನಡುವೆ ಚಿನ್ನಿಯ ಪಾದಗಳು. ತಲೆಗಳೆರಡೂ ಕತ್ತಲಲ್ಲಿ ಎಲ್ಲೋ, ಹತ್ತಿರ ಹತ್ತಿರ. ಟೀಚರಿಗೆ ಚಿಂತೆ ಆ ತಲೆಗಳದ್ದೇ.

ಷರತ್ತು ಹಾಕಿದ್ದು ಅವರೇ. ಸಂಜೆಯೊಳಗೆ ಈ ಗಾಡಿ ದಿಣ್ಣೆ ಹತ್ತಿ ನಮ್ಮ ಮನೆಯ ಗೇಟು ಮುಟ್ಟಿದರೆ ಮದುವೆಗೆ ಒಪ್ಪಿಗೆ. ಮುಟ್ಟದಿದ್ದರೆ ಚಿನ್ನಿ ಇನ್ನು ಗ್ಯಾರೇಜಿನ ಕಡೆ ತಲೆ ಹಾಕಬಾರದು. “ನೀನು ಹೂಂ ಅನ್ನದೆ ನಾನು ಹೆಜ್ಜೆ ಇಡಲ್ಲ,” ಎಂದು ಚಿನ್ನಿಯೂ ಮಾತು ಕೊಟ್ಟಿದ್ದಳು. ಗಾಡಿ ಮುಟ್ಟುವುದಿಲ್ಲ ಎಂದೇ ಟೀಚರ ಲೆಕ್ಕ. ಇವಳೂ ಹೊರಟರೆ ಆ ಮನೆಯಲ್ಲಿ ತಾನೊಬ್ಬಳೇ ಎನ್ನುವುದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಗಾಡಿ ಕೆಟ್ಟದ್ದೂ ಈ ಪ್ರೇಮದಿಂದಲೇ. ಮೇಸ್ತ್ರಿ ಡ್ರೈವಿಂಗ್ ಕಲಿಸಲು ಹೋದ. ಚಿನ್ನಿ ದಿಣ್ಣೆಯಲ್ಲಿ ಕ್ಲಚ್ಚನ್ನು ಬಿಸಿ ಪಾತ್ರೆ ಬಿಟ್ಟಂತೆ ಬಿಟ್ಟಳು. ಹಿಂದೆ ಡಿಫರೆನ್ಷಿಯಲ್ಲು ಕಟಕಟನೆ ಹಲ್ಲು ಉದುರಿಸಿಕೊಂಡಿತು. ಎಂಜಿನ್ನಿನ ಓಟವನ್ನು ಎರಡೂ ಚಕ್ರಕ್ಕೆ ಹಂಚುವ ಭಾಗ ಅದು. ಅದಿಲ್ಲದೆ ಗಾಡಿ ಬರೀ ಗದ್ದಲ.

“ಅದು ನಮ್ಮಪ್ಪನ ಗಾಡಿ. ಹುಷಾರು,” ಎಂದರು ಟೀಚರು.

“ಗೊತ್ತಮ್ಮಾ. ಅವರೇ ಹೇಳ್ತಿದ್ರಲ್ಲ, ನಿಂತ ಗಾಡಿಗೆ ತುಕ್ಕು ಬೇಗ ಅಂತ.”

ಟೀಚರು ಒಂದು ಉತ್ತರಕ್ಕೆ ಅನ್ಯಾಯವಾಗಿ ಸೊನ್ನೆ ಹಾಕಿದರು.

ಮೇಸ್ತ್ರಿ ಹೊರಕ್ಕೆ ತೆವಳಿ ಬಂದು, ಡಿಫರೆನ್ಷಿಯಲ್ಲಿಗೆ ಹಾಕುವ, ಊಟದ ತಟ್ಟೆಯಷ್ಟಗಲದ ಹಲ್ಲಿನ ಚಕ್ರವನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ. ಮೀಸೆ ಇವತ್ತು ಎಂದಿಗಿಂತ ಕಪ್ಪಗಿತ್ತು. ಗ್ರೀಸಂತೂ ಅಲ್ಲ.

“ಹೊಸ ಕ್ರೌನು, ಟೀಚರೇ. ಹಲ್ಲು ನೋಡಿ, ಒಂದೂ ಕಮ್ಮಿ ಇಲ್ಲ. ಎಲ್ಲರಿಗೂ ಇರುತ್ತಾ ಈ ಭಾಗ್ಯ?” ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಮತ್ತೆ ಒಳಗೆ ಸರಿದ.

ಕೆಳಗೆ ಕಟಕ್ ಎಂದಿತು.

“ಅಯ್ಯೋ, ಹಲ್ಲು ಮುರೀತಾ?” ಮೇಸ್ತ್ರಿಯ ಗಾಬರಿ.

“ಇಲ್ಲ ಮಾರಾಯ, ನನ್ನ ಮಂಡಿ!”

ಮತ್ತೆ ನಗು. ಗಾಡಿಯೇ ನಕ್ಕಂತೆ ಅಲುಗಿತು.

“ಸಾಕು! ಬೀದಿಯೋರು ಏನಂದ್ಕೋತಾರೆ?”

“ಬೀದಿಯೋರು ಬೇಕರಿ ಮುಂದೆ ಬಾಜಿ ಕಟ್ತಿದಾರೆ,” ಎಂದಳು ಚಿನ್ನಿ. “ಮುಕ್ಕಾಲು ಜನ ನಮ್ಮ ಕಡೆ.”

ಕ್ರೌನನ್ನು ಕೂರಿಸುವ ಹೊತ್ತು ಬಂತು. ಆ ಹಳೇ ಮಾದರಿಯಲ್ಲಿ ಅದು ಯಾವ ಕಡೆಗಾದರೂ ಕೂರುತ್ತದೆ. ಅದೇ ಅಪಾಯ.

“ಹಲ್ಲು ಬಲಕ್ಕೆ ಬರಲಿ,” ಎಂದ ಮೇಸ್ತ್ರಿ.

“ನಿನ್ನ ಬಲವಾ, ನನ್ನ ಬಲವಾ?”

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಟೀಚರು ಕೆಂಪು ಪೆನ್ನು ಹಿಡಿದ ಕೈಯನ್ನು ಚಾಚಿದರು. “ಬಲಕ್ಕೂ ಎಡಕ್ಕೂ ಚರ್ಚೆಯೇ? ಇದು ಬಲ! ಬೇಗ ಮುಗಿಸಿ.”

“ಟೀಚರು ಹೇಳಿದ ಮೇಲೆ ಮುಗೀತು,” ಎಂದು ಚಿನ್ನಿ ಕ್ರೌನನ್ನು ತಿರುಗಿಸಿದಳು. ಮೇಸ್ತ್ರಿಯ ಕಣ್ಣು ಆಗ ಕ್ರೌನಿನ ಮೇಲಿರಬೇಕಿತ್ತು. ಇರಲಿಲ್ಲ. ನೆಟ್ಟು ಬಿಗಿದರು, ಎಣ್ಣೆ ತುಂಬಿಸಿದರು. ಹೊರಗೆ ಬಂದು ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಎದ್ದರು. ಎದ್ದ ಮೇಲೂ ಬಿಡಲಿಲ್ಲ. ಟೀಚರು ಕೆಮ್ಮಿದರು.

ಸಂಜೆ ಬೀದಿಯವರೆಲ್ಲ ಸೇರಿ ಗಾಡಿಯನ್ನು ಹೊರಗೆ ತಳ್ಳಿ ದಿಣ್ಣೆಗೆ ಮುಖ ಮಾಡಿ ನಿಲ್ಲಿಸಿದರು.

“ಕೆಡಿಸಿದವಳೇ ಓಡಿಸಲಿ,” ಎಂದರು ಟೀಚರು.

ಚಿನ್ನಿ ಹತ್ತಿದಳು. ಮೊದಲ ಗೇರು ಹಾಕಿದಳು. ಕ್ಲಚ್ಚನ್ನು ಈ ಸಲ ಮಲಗಿದ ಮಗುವಿನ ಪಕ್ಕದಿಂದ ಏಳುವಂತೆ ಬಿಟ್ಟಳು. ಗಾಡಿ ಸಲೀಸಾಗಿ ಹೊರಟಿತು. ಹಿಂದಕ್ಕೆ! ಜನ ಚೆಲ್ಲಾಪಿಲ್ಲಿ. ಹಳೇ ಟೈರುಗಳ ಗುಡ್ಡೆಗೆ ಗುದ್ದಿ ನಿಂತಿತು. ಬೇಕರಿಯವನು ಬಿದ್ದು ಬಿದ್ದು ನಕ್ಕ. ಮೇಸ್ತ್ರಿ ಮಾತ್ರ ತಲೆಯ ಮೇಲೆ ಕೈ ಹೊತ್ತ. “ಕ್ರೌನು ಉಲ್ಟಾ ಕೂತಿದೆ.”

“ಮುಗೀತಲ್ಲ,” ಎಂದರು ಟೀಚರು. ಗೆದ್ದವರ ದನಿ ಯಾಕೋ ತೆಳುವಾಗಿತ್ತು. “ಇಳಿ. ಮನೆಗೆ ನಡಿ.”

ಚಿನ್ನಿ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದು ಗೇಟನ್ನೇ ನೋಡಿದಳು. ನಂತರ ಗೇರಿನ ಕೋಲನ್ನು ನೋಡಿದಳು. ಮುಖ ದೀಪ ಹಚ್ಚಿದಂತಾಯಿತು.

“ಮುಂದಿನ ಗೇರು ಹಿಂದಕ್ಕೆ ಹೋದ್ರೆ, ಹಿಂದಿನ ಗೇರು?”

ರಿವರ್ಸ್ ಹಾಕಿದಳು. ಹಿಂದಿನ ಬಿಳಿ ದೀಪ ಹತ್ತಿತು. ಹಿಂದಕ್ಕೆ ಬರುತ್ತಿದ್ದೇನೆ ಸರಿಯಿರಿ ಎಂದು ಪೀಂ ಪೀಂ ಕೂಗುತ್ತ ಗಾಡಿ ಮುಂದಕ್ಕೆ ಹೊರಟಿತು. ಆಮೆಗಿಂತ ಕೊಂಚ ಬೇಗ, ಆದರೆ ನಿಲ್ಲದೆ, ದಿಣ್ಣೆ ಹತ್ತಿತು. ಬೀದಿಯೇ ಸಿಳ್ಳೆ ಹಾಕುತ್ತ ಹಿಂದೆ ನಡೆಯಿತು. ಸೆರಗು ಸಿಕ್ಕಿಸಿಕೊಂಡು ಟೀಚರು ಎಲ್ಲರಿಗಿಂತ ಮುಂದೆ ಓಡಿ ಗೇಟಿಗೆ ಅಡ್ಡ ನಿಂತರು.

ಬಂಪರು ಅವರ ಪಕ್ಕದಲ್ಲೇ ಗೇಟಿಗೆ ಟಣ್ ಎಂದು ತಗುಲಿತು.

“ಗೇಟು ಮುಟ್ಟಬೇಕು ಅಂದಿದ್ದೆ ನೀನು,” ಚಿನ್ನಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಯಾವ ಗೇರಲ್ಲಿ ಅಂತ ಹೇಳ್ಲಿಲ್ಲ.”

“ಮತ್ತೆ, ಆ ಬಲ ತೋರಿಸಿದ್ದು ನೀವೇ, ಟೀಚರೇ,” ಎಂದ ಮೇಸ್ತ್ರಿ, ಏದುಸಿರು ಬಿಡುತ್ತ.

ಟೀಚರು ತಮ್ಮ ಬಲಗೈಯನ್ನು ನೋಡಿಕೊಂಡರು. ಕೆಂಪು ಪೆನ್ನು ಇನ್ನೂ ಅಲ್ಲೇ ಇತ್ತು. ತುಟಿ ಬಿಗಿಹಿಡಿದರೂ ನಗು ಮೂಗಿನಿಂದ ಬಂತು. ಅಪ್ಪ ಹೋದ ಮೇಲೆ ಆ ಗೇಟಿನ ಮುಂದೆ ಅವರು ನಕ್ಕಿದ್ದು ಇದೇ ಮೊದಲು.

ಚಿಲಕ ತೆಗೆದು ಅವರು ಪಕ್ಕಕ್ಕೆ ಸರಿದರು. ಅವರನ್ನು ಹೆತ್ತು ಸಾಕಿದ, ಅರವತ್ತೆಂಟರ ಮದುಮಗಳು ಹಾರ್ನ್ ಬಾರಿಸುತ್ತ ಒಳಗೆ ಬಂದಳು.