ನಕಲು ಬೇಡ

ಫೋನಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಬದಲಿಸಲು ಮುನ್ನೂರು, ಬ್ಯಾಟರಿಗೆ ಐನೂರು. ಫೋನನ್ನೇ ಮಾರಿದರೆ ಇನ್ನೂರೂ ಹುಟ್ಟುವುದಿಲ್ಲ. ಒಂಬತ್ತು ವರ್ಷದ ಆ ಹಳೇ ಡಬ್ಬಿಯ ಮೇಲೆ ಹೆಂಡತಿ ಯಾಕೆ ಅಷ್ಟು ಜೀವ ಇಟ್ಟುಕೊಂಡಿದ್ದಾಳೆ ಎಂಬುದು ತನಗೆ ಗೊತ್ತು ಎಂದುಕೊಂಡಿದ್ದ ಟೈಲರ್. ಅದಕ್ಕೇ ಚೌಕಾಸಿಗೆ ಇಳಿಯದೆ ದುಡ್ಡು ತೆಗೆದು ರಿಪೇರಿಯಾಕೆಯ ಮೇಜಿನ ಮೇಲಿಟ್ಟ.

ಆಕೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಫೋನನ್ನು ಮಗುಚಿ ನೋಡಿದಳು.

"ಅಣ್ಣ, ಕಂಪನಿಯವ್ರು ಇದರ ಕೈಬಿಟ್ಟು ನಾಲ್ಕು ವರ್ಷ ಆಯ್ತು. ಒಳಗಿನ ಹಳೇದನ್ನೆಲ್ಲ ಕಿತ್ತು ಹೊಸದು ಕೂರಿಸ್ಬೇಕು. ನಡುವೆ ಕರೆಂಟ್ ಹೋದ್ರೆ ಇದು ಕಲ್ಲು. ಹೋಗ್ದಿದ್ರೂ ಒಳಗಿರೋದೆಲ್ಲ ಅಳಿಸಿ ಹೋಗತ್ತೆ. ಮೊದ್ಲು ಒಂದು ನಕಲು ತೆಗೆದಿಟ್ಟುಕೊಳ್ಳಲಾ? ಎರಡು ಗಂಟೆ ಕೆಲಸ, ಅಷ್ಟೆ."

ಟೈಲರ್ ಬೇಡವೆಂದು ತಲೆಯಾಡಿಸಿದ. ಈಚೆಗೆ ಗಿರಾಕಿಗಳ ಜೊತೆಯೂ ಅವನದು ಹೀಗೇ, ಬರೀ ಕತ್ತಿನ ವ್ಯವಹಾರ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅಳತೆ ಹಿಡಿಯುವವನನ್ನು ಯಾರೂ ಮಾತಿಗೆ ಎಳೆಯುತ್ತಿರಲಿಲ್ಲ.

ಅವನ ಎದೆಗೆ ಬೆಂಕಿ ಬಿದ್ದದ್ದು ಹದಿನೈದು ದಿನಗಳ ಹಿಂದೆ. ಕತ್ತರಿ ಮರೆತು, ಅಂಗಡಿಯಿಂದ ಮಧ್ಯಾಹ್ನ ಮನೆಗೆ ಬಂದಿದ್ದ. ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿತ್ತು. ಒಳಗೆ ನಲ್ಲಿಯ ಸದ್ದು, ಅದರ ಮೇಲೆ ಒಬ್ಬ ಗಂಡಸಿನ ದನಿ. ಮಾತು ತಿಳಿಯಲಿಲ್ಲ. ತುಂಬು ದನಿ, ತಮಾಷೆಯ ದನಿ. ಹಿಂದೆ ಕೇಳಿದ್ದು ಎನ್ನಲೂ ಆಗದು, ಕೇಳಿಲ್ಲ ಎನ್ನಲೂ ಆಗದು. ಅದಕ್ಕೆ ಹೆಂಡತಿ ನಗುತ್ತಿದ್ದಳು. ಎರಡು ವರ್ಷದಿಂದ ಅವನೆದುರು ನಗದ ನಗು.

ಅವನು ಬಾಗಿಲು ತಳ್ಳಿದ. ಆಕೆ ಗಬಕ್ಕನೆ ಫೋನನ್ನು ಸೆರಗಿಗೆ ಸೇರಿಸಿದಳು.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ತೋಳಿನ ಬಟ್ಟೆಯನ್ನು ಎರಡು ಸಲ ತಪ್ಪಾಗಿ ಕತ್ತರಿಸಿದ. ಆ ಗಂಡಸಿಗೆ ಮುಖವಿರಲಿಲ್ಲ, ವಯಸ್ಸಿರಲಿಲ್ಲ, ಆದರೂ ಹೊಟ್ಟೆ ಉರಿಯಿತು. ಅಂಥ ದನಿಯ ಮುಂದೆ ತಾನು ಯಾವ ಲೆಕ್ಕ?

ಫೋನ್ ಪದೇ ಪದೇ ಹ್ಯಾಂಗ್ ಆಗತೊಡಗಿದಾಗ ಆಕೆಯೇ ತಂದು ಅವನ ಕೈಗಿತ್ತಳು. ಒಳಗಿರೋದು ಏನೂ ಹೋಗಬಾರದು, ರಿಪೇರಿಯವರಿಗೆ ಸರಿಯಾಗಿ ತಿಳಿಸಿ ಎಂದು ಮೂರು ಸಲ ಹೇಳಿದಳು. ಆ ಮೂರನೆಯ ಸಲವೇ ಅವನು ತೀರ್ಮಾನಿಸಿಬಿಟ್ಟ.

"ಇನ್ನೊಂದ್ಸಲ ಯೋಚನೆ ಮಾಡಿ. ಅಕ್ಕನ ಫೋನಲ್ವಾ?" ರಿಪೇರಿಯಾಕೆಯ ಬೆರಳು ಗುಂಡಿಯ ಮೇಲಿತ್ತು.

ಅವನು ಅಳತೆ ಪುಸ್ತಕದಿಂದ ಹಾಳೆ ಹರಿದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ: ನಕಲು ಬೇಡ. ಆಮೇಲೆ ತಕರಾರು ಬರಬಾರದಲ್ಲ, ಎಂದು ಆಕೆ ಅದನ್ನು ಡ್ರಾಯರಿಗೆ ಹಾಕಿಕೊಂಡಳು.

ತೆರೆಯ ಮೇಲೆ ನೀಲಿ ಗೆರೆ ತೆವಳಿತು. ಮೂವತ್ತು, ಅರವತ್ತು, ತೊಂಬತ್ತು. ಟೈಲರ್ ಸ್ಟೂಲಿನ ಮೇಲೆ ಕೂತು ಅದು ಮುಗಿಯುವವರೆಗೂ ನೋಡಿದ. ಅವನಿಗೆ ಹದಿನೈದು ದಿನದಲ್ಲಿ ಮೊದಲ ಬಾರಿಗೆ ಹಸಿವಾಯಿತು.

ಮನೆಯಲ್ಲಿ ಹೆಂಡತಿ ಫೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಒತ್ತಿದಳು, ಹುಡುಕಿದಳು, ಮತ್ತೆ ಹುಡುಕಿದಳು. ಅವನು ಗೋಡೆಗೆ ಒರಗಿ ಅವಳ ಮುಖ ಬಿಳುಚುವುದನ್ನೇ ಕಾದ. ಅದು ಬಿಳುಚಿತು. ಅವನು ಜೇಬಿನಿಂದ ಇನ್ನೊಂದು ಚೀಟಿ ತೆಗೆದು ಅವಳ ಮುಂದೆ ಹಿಡಿದ. ದಾರಿಯಲ್ಲೇ ಬರೆದಿಟ್ಟುಕೊಂಡದ್ದು: ಯಾರವನು?

ಆಕೆ ಅದನ್ನು ಓದಿ, ಖಾಲಿ ಫೋನನ್ನು ಅವನ ಅಂಗೈಗೆ ಇಟ್ಟಳು. ಬೈಯಲಿಲ್ಲ.

"ನೀವೇ ಕಣ್ರೀ. ಗಂಟಲ ಗಡ್ಡೆ ತೆಗೆದು ಮಾತು ಹೋಗೋಕೆ ಮುಂಚೆ, ಅಂಗಡಿಯಿಂದ ಮಾತು ರೆಕಾರ್ಡ್ ಮಾಡಿ ಕಳಿಸ್ತಿದ್ರಲ್ಲ, ಅವು. ನಿಮ್ಮ ಫೋನಲ್ಲಿದ್ದವು ಆಗ್ಲೇ ಹೋಗಿದ್ವು, ಇದರಲ್ಲಿ ಮಾತ್ರ ಉಳಿದಿದ್ವು. ನಿಮ್ಮೆದುರು ಹಾಕಿದ್ರೆ ನೊಂದ್ಕೋತೀರಿ ಅಂತ, ನೀವಿಲ್ದಾಗ ಕೇಳ್ತಿದ್ದೆ."

ಟೈಲರಿಗೆ ಹೆಂಡತಿ ಉಳಿದಳು. ಅವನ ದನಿ ಮಾತ್ರ ಲೋಕದಲ್ಲಿ ಇನ್ನೆಲ್ಲೂ ಉಳಿಯಲಿಲ್ಲ.