ಹೆಚ್ಚಿಗೆ ಬಿದ್ದ ಬಿಸಿಲು

ಮುಗಿಲು ಮುಚ್ಚಿ ಮೂವತ್ತು ವರ್ಷವಾಗಿತ್ತು. ಹತ್ತಿ ಗಿರಣಿ ಪಗಾರವನ್ನು ಬಿಸಿಲಿನಲ್ಲಿಯೇ ಕೊಡುತ್ತಿತ್ತು. ದುಡಿದವರ ಮಾಳಿಗೆಯ ಮೇಲೆ, ಗಳಿಸಿದಷ್ಟು ತಾಸು ಮಾತ್ರ, ಮುಗಿಲು ತೆರೆಯುತ್ತಿತ್ತು. ನೀಲಗಂಗವ್ವನ ಮಾಳಿಗೆಗೆ ಇಪ್ಪತ್ತು ತಾಸು ಹೆಚ್ಚಿಗೆ ಬಿದ್ದಿದೆ ಎಂದು ಗುಮಾಸ್ತ ಹುಲಗಪ್ಪ ಅವಳನ್ನು ಕರೆಸಿದ.

“ನಾಳಿಂದ ದಿನಾ ಒಂದು ತಾಸು ಮುರ್ಕೋತೀವಿ, ಅಕ್ಕಾ. ಇಪ್ಪತ್ತು ದಿನ.”

ಅವಳಿಗೆ ಸಿಗುತ್ತಿದ್ದುದೇ ದಿನಕ್ಕೆ ಎರಡು ತಾಸು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಗಳು ಹೆತ್ತು ಐದು ದಿನವಾಗಿತ್ತು, ಕೂಸಿಗೆ ಕಾಮಾಲೆ. ಎಳೆಬಿಸಿಲು ತಪ್ಪಿಸಬೇಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು.

“ತಪ್ಪು ಯಾರದು?”

“ಗಿರಣೀದು.”

“ಮತ್ತ ನನ್ನ ಮಗಳ ಕೂಸು ಯಾಕ ತೀರಸ್ಬೇಕು? ಹೆಚ್ಚಿಗಿ ಬಿದ್ದದ್ರಾಗ ಶ್ಯಾವಿಗಿ ಒಣಗಿಸಿದ್ವಿ, ತಿಂದೂ ಮುಗಿಸಿದ್ವಿ. ಹೊಟ್ಟ್ಯಾಗಿಂದ ತಗದು ಕೊಡ್ಲೇನು?”

“ನೀ ಮೊದ್ಲ ಹೇಳ್ಬೇಕಿತ್ತು.”

“ಬಿಸಲು ಬಿತ್ತಂತ ಯಾರರ ತಕರಾರು ಕೊಡ್ತಾರೇನೋ ತಮ್ಮಾ?”

ಹುಲಗಪ್ಪ ನಗು ನುಂಗಿ ಒಪ್ಪಿಗೆಯ ಕಾಗದ ಮುಂದೆ ತಳ್ಳಿದ. ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಎರಡು ಸಲ ಓದಿಸಿಕೊಂಡಳು. ದಿನಕ್ಕೊಂದು ತಾಸು ಎಂದಿತ್ತು, ಯಾವ ತಾಸು ಎಂದಿರಲಿಲ್ಲ.

“ಮಧ್ಯಾಹ್ನದ್ದು ಒಯ್ಯಿ. ಮುಂಜಾನೇದು ಮುಟ್ಟಬ್ಯಾಡ. ಹಂಗಂತ ಬರಿ.”

“ಎಲ್ಲಾರ್ದೂ ಮುಂಜಾನೇದ ಮುರಿಯೂದು. ಸಾಹೇಬ್ರ ಮಾಳಿಗಿಗೆ ಅದ ಬೇಕಾಗ್ತೈತಿ.”

“ಯಾಕ, ಸಾಹೇಬ್ರಿಗೂ ಕಾಮಾಲಿ ಆಗೇತೇನು?”

ಹುಲಗಪ್ಪ ಬಾಗಿಲ ಕಡೆ ಒಮ್ಮೆ ನೋಡಿ ‘ಮಧ್ಯಾಹ್ನ’ ಎಂದು ಬರೆದ.

ಮರುದಿನ ಎಂಟು ಗಂಟೆಗೆ ಮಾಳಿಗೆ ಬೆಳಗಿತು. ನೀಲಗಂಗವ್ವ ಕೂಸಿನ ಅಂಗಿ ಬಿಚ್ಚಿ ಚಾಪೆಯ ಮೇಲೆ ಮಲಗಿಸಿದಳು. ಸುತ್ತಲಿನ ಕತ್ತಲೆ ಮಾಳಿಗೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ, ಕಾಗದದಲ್ಲಿ ಏನಂತ ಬರೆಸಿದಿ ಎಂದು ಕೇಳತೊಡಗಿದರು.