ಮಾರಾಟಕ್ಕಿದ್ದ ಜೋಡಿ ಸ್ಪೀಕರ್

ಮೂರನೆಯ ಸಲ ಬೆಲ್ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಒಳಗೆ ಮನುಷ್ಯನಿದ್ದಾನೆ. ಕಿಟಕಿಯ ಪರದೆಯ ಹಿಂದೆ ನೆರಳು ಓಡಾಡುತ್ತಿದೆ. ಅವಳು ಹಲ್ಲು ಕಡಿದಳು. ಹನ್ನೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ಊರಿಗೆಲ್ಲ ಕಂಡಕ್ಟರಮ್ಮ ಎನಿಸಿಕೊಂಡವಳು. ಟಿಕೆಟ್ ಇಲ್ಲದೆ ನಿದ್ದೆ ನಟಿಸುವವರನ್ನು ರೆಪ್ಪೆ ನೋಡಿಯೇ ಹಿಡಿಯುತ್ತಿದ್ದಳು. ಅವಳ ಹತ್ತಿರವೇ ಈ ಆಟ!

ಫೋನ್ ತೆಗೆದು ‘ಬಾಗಿಲಲ್ಲಿದ್ದೇನೆ’ ಎಂದು ಮೆಸೇಜ್ ಹಾಕಿದಳು. ಮರುಕ್ಷಣವೇ ಚಿಲಕ ಸರಿಯಿತು.

ಅಂದರೆ ಇಷ್ಟು ಹೊತ್ತು ಬಂದವರು ಯಾರೆಂದು ಕದ್ದು ನೋಡುತ್ತಿದ್ದ. ಜಾಹೀರಾತೂ ಹಾಗೇ ಇತ್ತು: ‘ಹಳೆಯ ಜೋಡಿ ಸ್ಪೀಕರ್ ಮಾರಾಟಕ್ಕಿದೆ. ಕರೆ ಮಾಡಬೇಡಿ, ಮೆಸೇಜ್ ಮಾತ್ರ.’ ಅದನ್ನು ನೋಡಿದ ಅಕ್ಕ, “ದನಿ ಗುರುತು ಸಿಕ್ಕೀತು ಅನ್ನೋ ಹೆದರಿಕೆ ಅವನಿಗೆ” ಎಂದಿದ್ದಳು.

ಜಾಹೀರಾತಿನ ಫೋಟೋದಲ್ಲಿ ಸೊಂಟದೆತ್ತರದ ಎರಡು ತೇಗದ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ. ಅಪ್ಪನವು. ಕಳೆದ ವರ್ಷ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಅಕ್ಕ ತಂಗಿ ಇಬ್ಬರೂ ಅಲ್ಲೇ ಕೂತಿದ್ದ ನಾಲ್ಕು ದಿನಗಳಲ್ಲಿ ಯಾರೋ ಮನೆಯ ಬೀಗ ಒಡೆದು ಅವನ್ನು ಹೊತ್ತೊಯ್ದಿದ್ದರು. ‘ಮನೆಗೆ ಹೋದ ತಕ್ಷಣ ಒಂದು ಹಾಡು ಹಾಕು’ ಎಂದು ಅಪ್ಪ ಹಾಸಿಗೆಯಲ್ಲಿ ಮಲಗಿ ಕೇಳುತ್ತಲೇ ಇದ್ದ. ಮನೆಗೆ ಬಂದು, ನೆಲದ ಮೇಲೆ ಉಳಿದಿದ್ದ ಎರಡು ಚೌಕದ ಕಲೆ ನೋಡಿ, ಗೋಡೆಯತ್ತ ಮುಖ ತಿರುಗಿಸಿ ಮಲಗಿದ. ಆಮೇಲೆ ಒಂದು ವಾರವೂ ಇರಲಿಲ್ಲ.

ಅಂದಿನಿಂದ ಅವಳ ಹೊಟ್ಟೆಯೊಳಗೆ ಕೆಂಡವಿತ್ತು.

ಬಾಗಿಲು ತೆರೆದವನು ಮುದುಕ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಬಿಳಿ ಕೂದಲು. ಕೋಣೆಯ ತುಂಬ ಹಗ್ಗ ಬಿಗಿದ ರಟ್ಟಿನ ಡಬ್ಬಗಳು. ಜಾಗ ಖಾಲಿ ಮಾಡುವ ಆತುರ. ಮೂಲೆಯಲ್ಲಿ ಆ ಎರಡು ಪೆಟ್ಟಿಗೆಗಳು.

“ಬನ್ನಿ ಅಮ್ಮಾ. ಕಿಟಕಿ ಹತ್ರ ಕೂತ್ಕೊಳ್ಳಿ, ಅಲ್ಲಿ ಬೆಳಕಿದೆ.”

“ಕೂರೋಕೆ ಬಂದಿಲ್ಲ. ಇವು ಎಲ್ಲಿಂದ ಬಂದ್ವು ನಿಮಗೆ?”

“ತಗೊಂಡಿದ್ದು,” ಎಂದವನೇ ಮುದುಕ ಬೆನ್ನು ತಿರುಗಿಸಿ ಕಪಾಟಿನತ್ತ ಹೋದ.

“ಎಲ್ಲಿ? ಯಾರ ಹತ್ರ?”

ಮುದುಕ ಕಪಾಟು ತೆರೆದು ಒಳಗೆ ಕೈಯಾಡಿಸಿದ.

“ರೀ, ನಿಮ್ಮನ್ನೇ ಕೇಳ್ತಿರೋದು!” ತುಂಬಿದ ಬಸ್ಸಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ಗಂಟಲು ಅವಳದು. ಮುದುಕ ಮಾತ್ರ ಒಂದು ರೆಕಾರ್ಡ್ ತೆಗೆದು, ಮಗುವಿನ ಮುಖ ಒರೆಸಿದಂತೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತ ನಿಂತ.

ಅವಳ ಮೈ ಉರಿದುಹೋಯಿತು. ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದಳು. “ಅಕ್ಕಾ, ಸಿಕ್ಕಿಬಿದ್ದ. ನಮ್ಮನೆ ದೋಚಿದ ಕಳ್ಳ ಇವನೇ. ಹೌದು, ಕಳ್ಳ! ಕೇಳಿಸ್ಕೊಳ್ಳಲಿ ಬಿಡು. ಇಷ್ಟು ಅಂದ್ರೂ ತಿರುಗಿ ನೋಡ್ತಿಲ್ಲ. ಎಮ್ಮೆ ಚರ್ಮ.”

“ಕೂಗಾಡಬೇಡ್ವೇ, ಕೈಗೆ ಸಿಕ್ಕಿದ್ದು ತಗೊಂಡು ಹೊಡೆದುಬಿಟ್ಟಾನು,” ಅಕ್ಕ ತಡೆದಳು. “ಮೊದಲು ಪೆಟ್ಟಿಗೆ ಹಿಂದೆ ನೋಡು. ನಮ್ಮಿಬ್ಬರ ಹೆಸರಿನ ಮೊದಲಕ್ಷರ ಅಪ್ಪ ಕೊರೆದಿದ್ನಲ್ಲ, ಅದಿದ್ರೆ ನೇರ ಪೊಲೀಸರಿಗೇ ಹೇಳೋಣ.”

ಅಷ್ಟರಲ್ಲಿ ರೆಕಾರ್ಡಿನ ಮೇಲೆ ಸೂಜಿ ಇಳಿಯಿತು.

ಒಬ್ಬ ಹೆಂಗಸಿನ ದನಿ, ಯಾವ ಅವಸರವೂ ಇಲ್ಲದೆ, ಕೋಣೆಯನ್ನು ತುಂಬಿಕೊಂಡಿತು. ತಂಬೂರಿಯ ಗುಂಯ್‌ ನೆಲದೊಳಗಿಂದ ಹರಿದು ಅವಳ ಪಾದ ಮುಟ್ಟಿತು. ಭಾನುವಾರದ ಬೆಳಗು. ಅಪ್ಪ ಕಣ್ಣು ಮುಚ್ಚಿ ಕುರ್ಚಿಯಲ್ಲಿ. ಅವಳು ಅವನ ಕಾಲಬುಡದಲ್ಲಿ. ಕಣ್ಣು ತುಂಬಿತು. ಕಳ್ಳನ ಮನೆಯಲ್ಲಿ ನಿಂತು ಅಳುವುದೇ? ತನ್ನ ಮೇಲೇ ಸಿಟ್ಟು ಬಂದು ಮುಂಗೈಯಿಂದ ಕೆನ್ನೆ ಉಜ್ಜಿಕೊಂಡಳು.

ತಲೆ ಎತ್ತಿದರೆ ಮುದುಕ ಒಂದು ಪೆಟ್ಟಿಗೆಯ ಮೇಲೆ ಅಂಗೈ ಊರಿ ಅವಳನ್ನೇ ದಿಟ್ಟಿಸುತ್ತಿದ್ದ. ರೆಪ್ಪೆ ಕೂಡ ಹೊಡೆಯುತ್ತಿಲ್ಲ.

“ಏನ್ರೀ ಹಾಗೆ ನೋಡ್ತೀರಾ? ಹೆಣ್ಣುಮಕ್ಕಳನ್ನ ಕಂಡೇ ಇಲ್ವಾ? ಈ ವಯಸ್ಸಿಗೆ ನಾಚಿಕೆ ಆಗಲ್ವಾ?”

“ತಪ್ಪು ತಿಳ್ಕೋಬೇಡಿ ಅಮ್ಮಾ,” ಎಂದ. ಕಣ್ಣು ಮಾತ್ರ ಕೀಳಲಿಲ್ಲ.

ಸಾಕಾಯಿತು ಅವಳಿಗೆ. ಅವನನ್ನು ಬದಿಗೆ ಸರಿಸಿ ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ಹಿಂಭಾಗಕ್ಕೆ ಫೋನಿನ ಟಾರ್ಚ್ ಹಿಡಿದಳು. ಒಂದು ಗೀರೂ ಇರಲಿಲ್ಲ. ಇನ್ನೊಂದನ್ನೂ ಎಳೆದಳು. ಅಲ್ಲೂ ಏನೂ ಇಲ್ಲ. ಅಂಗಡಿಯವರು ಅಂಟಿಸಿದ ಹಳದಿಗಟ್ಟಿದ ಚೀಟಿ ಮಾತ್ರ ಇತ್ತು. ಅದರ ಮೇಲಿನ ತಾರೀಕು ಅವಳು ಹುಟ್ಟುವುದಕ್ಕಿಂತ ಹಿಂದಿನದು.

ಇವು ಅಪ್ಪನವಲ್ಲ.

ಒಂದು ವರ್ಷ ಕಾಪಾಡಿಕೊಂಡು ಬಂದ ಸಿಟ್ಟಿಗೆ ಇಳಿಯಲು ಜಾಗವೇ ಇಲ್ಲವಾಯಿತು. ಅವಮಾನ ಸೇರಿ ಅದು ಇನ್ನೂ ಭುಗಿಲೆದ್ದಿತು. ಎದ್ದು ಮುದುಕನ ಮುಖಕ್ಕೆ ಮುಖ ಕೊಟ್ಟು ನಿಂತಳು.

“ನಿಮ್ಮದೇ ಅಂತ ಬಾಯಿ ಬಿಟ್ಟು ಹೇಳೋಕೆ ಏನು ಧಾಡಿ ನಿಮಗೆ? ಆವಾಗಿಂದ ಕಳ್ಳ ಕಳ್ಳ ಅಂತ ಕೂಗ್ತಿದೀನಿ. ಒಂದೇ ಒಂದು ಸಲ ‘ಅಲ್ಲ’ ಅನ್ನಬಾರದಿತ್ತಾ?”

ಮುದುಕನ ಮುಖ ಬಿಳುಚಿಕೊಂಡಿತು. “ಕಳ್ಳ ಅಂದ್ರಾ? ನನ್ನನ್ನಾ? ಯಾವಾಗ?”

ಅವಳು ಕಪಾಟಿನತ್ತ ಕೈ ತೋರಿಸಿದಳು. ಹಾಡು ಇನ್ನೂ ನಡೆದಿತ್ತು.

“ಬೆನ್ನ ಹಿಂದೆ ಅಂದಿದ್ರೆ ನನಗೆ ತಿಳಿಯಲ್ಲಮ್ಮಾ. ನಾನು ಕೆಲಸ ಮಾಡ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಮಷಿನ್ನು ನನ್ನ ಎರಡೂ ಕಿವಿ ತಿಂದು ಆರು ವರ್ಷ ಆಯ್ತು. ತುಟಿ ಕಂಡ್ರೆ ಮಾತ್ರ ಮಾತು. ನಿಮಗಿಂತ ಮುಂಚೆ ಬಂದ ಮೂರು ಜನಾನೂ ಇದು ಕೆಟ್ಟಿದೆ, ಬರೀ ಗೊರಗೊರ ಅನ್ನುತ್ತೆ ಅಂದ್ರು. ನಿಜವೋ ಸುಳ್ಳೋ ತಿಳ್ಕೊಳ್ಳೋಕೆ ಕೇಳೋರ ಮುಖ ನೋಡೋದು ಬಿಟ್ಟು ನನಗೆ ಬೇರೆ ದಾರಿ ಇಲ್ಲ. ನಿಮ್ಮ ಕಣ್ಣಲ್ಲಿ ನೀರು ಬಂತು. ನೀವು ಹೇಳಿ, ಇವತ್ತಿಗೂ ಚೆನ್ನಾಗಿ ಹಾಡ್ತಿದೆ ಅಲ್ವಾ?”